ಒಂದು ಹನಿ ಎಣ್ಣೆಯೂ ಇಲ್ಲದ ಊಟ

ಒಂದು ಹನಿ ಎಣ್ಣೆಯೂ ಇಲ್ಲದ ಊಟ ಮಾಡಿ ಆಸ್ಪತ್ರೆ ಸೇರಿದವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ, ದಿಂಬಿಗೆ ಒರಗಿಕೊಂಡು ಒಂದೇ ಕೈಯಲ್ಲಿ ಈ ವಾರದ ಅಂಕಣ ಟೈಪ್ ಮಾಡುತ್ತಿರುವ ನನ್ನನ್ನೇ ನೋಡಿ. (ಇನ್ನೊಂದು ಕೈ ಹೊಟ್ಟೆಯ ಮೇಲಿದೆ. ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ.)

ಇದೆಲ್ಲ ಶುರುವಾಗಿದ್ದು ಕಳೆದ ತಿಂಗಳು. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಆಪರೇಷನ್ ಮಾಡಿಸಿಕೊಂಡುಬಿಡಿ ಎಂದರು ಸರ್ಜನ್. ಈಗ ಬೇಡ ಎಂದೆ ನಾನು. ಯಾಕೆಂದರೆ ಹ್ಯೂಸ್ಟನ್ ಕಡೆಯ ಕ್ಲಿಯರ್ ಲೇಕ್‌ನಲ್ಲಿರುವ ನನ್ನ ಒಬ್ಬಳೇ ಮಗಳು ಅನಘಾ ಬಸುರಿ. ಸೀಮಂತಕ್ಕೆ ದಿನ ಗೊತ್ತಾಗಿತ್ತು. ಮಡಿಲು ತುಂಬಬೇಕಾದ ತಾಯಿಯೇ ಹೊಟ್ಟೆ ಕೊಯ್ಯಿಸಿಕೊಂಡು, ಅಲ್ಲಿಂದ ನಾಲ್ಕು ಗಂಟೆ ದಾರಿಯ ಅಲೆನ್ ಊರಿನ ನಮ್ಮ ಮನೆಯಲ್ಲಿ ಮಲಗಿದ್ದರೆ ಹೇಗೆ?

ಸರ್ಜನ್ ಒಪ್ಪಿದರು. ಆದರೆ ಒಂದು ಷರತ್ತು. ಸೀಮಂತ ಮುಗಿಯುವ ತನಕ ಊಟದಲ್ಲಿ ಜಿಡ್ಡು ಇರಕೂಡದು. ಜಿಡ್ಡು ಒಳಗೆ ಹೋದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಕಲ್ಲು ದಾರಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ, ಆಮೇಲೆ ನಿಮ್ಮ ಫಂಕ್ಷನ್ ನನ್ನ ಕೈಯಲ್ಲಿಲ್ಲ ಎಂದರು. ಇಷ್ಟೇ ತಾನೇ ಎಂದುಕೊಂಡೆ. ಎಣ್ಣೆ ಬಾಟಲಿಯನ್ನೂ ತುಪ್ಪದ ಡಬ್ಬಿಯನ್ನೂ ಗರಾಜಿಗೆ ಸಾಗಿಸಿದೆ.

ಗಂಜಿ, ಬೇಳೆಕಟ್ಟು, ಒಗ್ಗರಣೆಯಿಲ್ಲದ ಸಾರು. ಮತ್ತೆ ಗಂಜಿ. ನನ್ನ ಗಂಡ ಪ್ರಕಾಶ್ ನನ್ನೆದುರು ಕೂತು ತಿನ್ನಲು ಸಂಕೋಚವಾಗಿ, ದೋಸೆಯನ್ನು ನಿಂತುಕೊಂಡೇ ಮುಗಿಸುತ್ತಿದ್ದರು. ನಮ್ಮ ಬೀದಿಯ ಕನ್ನಡದವರಿಗೆ ವಿಷಯ ತಿಳಿಯಿತು. ಇಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದರೆ ಉಳಿದವರು ಸರದಿಯ ಮೇಲೆ ಊಟ ತಂದುಕೊಡುತ್ತಾರೆ, ನಿಮಗೆ ಗೊತ್ತೇ ಇದೆ. ಧಾರವಾಡದ ಆಂಟಿ ಒಬ್ಬರು ಜೋಳದ ರೊಟ್ಟಿ ತಂದರು. "ಎಣ್ಣಿ ಹಚ್ಚಿಲ್ರಿ, ನಿಶ್ಚಿಂತಿಯಿಂದ ಉಣ್ರಿ" ಎಂದರು. ಭಾನುವಾರದ ಸರದಿ ವಸುಧಾಳದು.

ವಸುಧಾ ಉಡುಪಿಯವಳು, ನಮ್ಮಿಂದ ಮೂರನೇ ಮನೆ. ಅವಳ ಅಡುಗೆಮನೆಯಲ್ಲಿ ಎಣ್ಣೆ ಬಾಟಲಿಯೇ ಇಲ್ಲ. ಎಲ್ಲವೂ ತೆಂಗಿನ ಹಾಲಿನಲ್ಲಿ. ಪಲ್ಯಕ್ಕೆ ತೆಂಗಿನ ಹಾಲು, ಸೂಪಿಗೆ ತೆಂಗಿನ ಹಾಲು, ಕೇಕಿಗೂ ಅದೇ. ಎರಡು ವರ್ಷದಿಂದ ಹೀಗೇ ನಡೆದಿದೆ. ನೋಡಲು ಲಕ್ಷಣವಾಗಿ, ಆರೋಗ್ಯವಾಗಿಯೇ ಇದ್ದಾಳೆ. ಆ ದಿನ ಅವಳು ತಂದದ್ದು ಒತ್ತು ಶಾವಿಗೆ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು, ಮೇಲೆ ತರಕಾರಿಯ ಬಿಳಿ ಸಾಗು.

"ಅಕ್ಕಾ, ಒಂದು ಹನಿ ಎಣ್ಣೆ ಮುಟ್ಟಿಸಿಲ್ಲ. ಒಗ್ಗರಣೆನೂ ಇಲ್ಲ."

"ತುಪ್ಪ?"

"ನಿಮಗೆ ತುಪ್ಪ ಹಾಕ್ತೀನಾ ನಾನು? ಬರೀ ಕಾಯಿಹಾಲು. ಹಗುರವಾಗಿರುತ್ತೆ, ಹೊಟ್ಟೆ ತುಂಬಾ ತಿನ್ನಿ."

ತಿಂದೆ. ಎರಡು ಸಲ ಬಡಿಸಿಕೊಂಡು ತಿಂದೆ. ಬಟ್ಟಲಲ್ಲಿ ಉಳಿದ ಕಾಯಿಹಾಲನ್ನು ಎತ್ತಿ ಕುಡಿದೆ ಕೂಡ. ಅಷ್ಟು ದಿನ ಗಂಜಿ ಕುಡಿದ ನಾಲಿಗೆಗೆ ಅದು ಹಬ್ಬ.

ನಾಲ್ಕು ಗಂಟೆಯ ಹೊತ್ತಿಗೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿ ಕಟ್ಟಿ ಒತ್ತಿದಂತಾಯಿತು. ಆಮೇಲೆ ನೋವು ಬೆನ್ನಿಗೆ ಹೋಯಿತು, ಭುಜಕ್ಕೆ ಬಂತು. ವಾಂತಿ. ಪ್ರಕಾಶ್ ಕಾರ್ ಓಡಿಸುತ್ತಾ "ಉಸಿರಾಡು, ಉಸಿರಾಡು" ಎನ್ನುತ್ತಿದ್ದರು. ಹೆರಿಗೆ ಮಗಳಿಗೋ ನನಗೋ ಎಂದು ಕೇಳಬೇಕೆನಿಸಿತು, ಬಾಯಿ ಬರಲಿಲ್ಲ. ಎಮರ್ಜೆನ್ಸಿಯಲ್ಲಿ ಮತ್ತೆ ಸ್ಕ್ಯಾನ್. ಪಿತ್ತಕೋಶ ಊದಿಕೊಂಡಿದೆ, ಇನ್ನು ಕಾಯುವಂತಿಲ್ಲ, ನಾಳೆಯೇ ತೆಗೆಯಬೇಕು ಎಂದರು. ಸೀಮಂತಕ್ಕೆ ಇನ್ನು ಆರೇ ದಿನ ಇತ್ತು.

ಆಪರೇಷನ್ ಆದ ಮೇಲೆ ಆಸ್ಪತ್ರೆಯ ಡಯಟೀಷಿಯನ್ ಬಂದರು. ಮೆಲ್ಲಗೆ, ಎಳೆದೆಳೆದು ಮಾತನಾಡುವ ಟೆಕ್ಸಸ್ ಹೆಂಗಸು. ಭಾನುವಾರ ಏನು ತಿಂದಿರಿ ಎಂದು ಕೇಳಿದರು. ಅಕ್ಕಿ ಶಾವಿಗೆ, ತರಕಾರಿ ಎಂದೆ. ಜೊತೆಗೆ? ತೆಂಗಿನ ಹಾಲು. ಕೂಡಲೇ ಸೇರಿಸಿದೆ, ಆದರೆ ಎಣ್ಣೆ ಮಾತ್ರ ಒಂದು ಹನಿಯೂ ಇರಲಿಲ್ಲ ಮೇಡಂ.

ಅವರು ಪ್ರಕಾಶ್ ಮುಖ ನೋಡಿದರು, ನನ್ನ ಮುಖ ನೋಡಿದರು. ತಮ್ಮ ಫೋನಿನಲ್ಲಿ ತೆಂಗಿನ ಹಾಲಿನ ಕ್ಯಾನಿನ ಲೇಬಲ್ ಹುಡುಕಿ ತೋರಿಸಿದರು. ಗಟ್ಟಿ ಹಾಲಿನ ಒಂದು ಕ್ಯಾನ್ ಎಂದರೆ ಐದಾರು ದೊಡ್ಡ ಚಮಚ ಎಣ್ಣೆಗೆ ಸಮ. ವಸುಧಾ ನಮ್ಮಿಬ್ಬರ ಊಟಕ್ಕೆ ಎರಡು ಕ್ಯಾನ್ ಸುರಿದಿದ್ದಳು. ಪ್ರಕಾಶ್‌ಗೆ ಕಾಯಿಹಾಲು ಸೇರುವುದಿಲ್ಲ.

ಶಾಕ್ ಆಯಿತು ಎಂದರೆ ಸಾಲದು. ನೋವು ಬಂದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ನಮ್ಮ ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಇದೆ, ಪ್ರತಿ ಭಾನುವಾರ ತಲೆಗೆ ಹಚ್ಚುತ್ತೇನೆ. ಆ ಎಣ್ಣೆ ಎಲ್ಲಿಂದ ಬಂತೆಂದುಕೊಂಡಿದ್ದೆ ನಾನು? ನಲ್ಲಿಯಿಂದಲೇ? (ನಾನು ಎಂ.ಎಸ್ಸಿ. ಮಾಡಿದ್ದು ಕೆಮಿಸ್ಟ್ರಿಯಲ್ಲಿ. ದಯವಿಟ್ಟು ಯಾರಿಗೂ ಹೇಳಬೇಡಿ.)

ಆದರೆ ಯೋಚಿಸಿ, ನೀವಾದರೂ ಏನು ಹೇಳುತ್ತಿದ್ದಿರಿ? ನಮ್ಮ ಅಡುಗೆಮನೆಗಳಲ್ಲಿ ಜಿಡ್ಡು ಎಂದರೆ ಬಾಟಲಿಯಿಂದ ಬಗ್ಗಿಸುವುದು, ಡಬ್ಬಿಯಿಂದ ತೋಡುವುದು. ಬಾಣಲೆಯಲ್ಲಿ ಚುರ್ ಎಂದರೆ ಮಾತ್ರ ಲೆಕ್ಕ. ತೆಂಗಿನಕಾಯಿ ನಮಗೆ ತರಕಾರಿಯ ಸಾಲಿನದು, ದೇವರ ಮುಂದೆ ಒಡೆಯುವ ವಸ್ತು. ಅದನ್ನು ಯಾರಾದರೂ ಸಂಶಯದಿಂದ ನೋಡುತ್ತಾರೆಯೇ? ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ವಾರಕ್ಕೊಂದು ಝೀರೋ ಆಯಿಲ್ ರೆಸಿಪಿ ಬರುತ್ತದೆ. ಎಲ್ಲದರಲ್ಲೂ ಒಂದು ಕ್ಯಾನ್ ತೆಂಗಿನ ಹಾಲು. ಎಲ್ಲದಕ್ಕೂ ನಾನೇ ಹೆಬ್ಬೆರಳು ಎತ್ತಿದ್ದೇನೆ.

ಡಯಟೀಷಿಯನ್ ತೆಂಗಿನ ಹಾಲಿನ ಶತ್ರುವೇನಲ್ಲ. ತಮ್ಮ ಮನೆಯಲ್ಲೂ ಬಳಸುತ್ತಾರಂತೆ. ಬೆಣ್ಣೆ, ಎಣ್ಣೆ ಬಿಟ್ಟು ಒಂದು ಸೌಟು ತೆಳು ಹಾಲಿನಲ್ಲಿ ತರಕಾರಿ ಬೇಯಿಸಿದರೆ ರುಚಿಗೆ ರುಚಿ, ಊಟಕ್ಕೆ ಬೇಕಾದ ಜಿಡ್ಡೂ ಸಿಕ್ಕಿತು ಎಂದರು. ಎಣ್ಣೆಯ ಬದಲು ಹಾಕಿ, ಆದರೆ ಅದೇ ಎಣ್ಣೆ ಎಂದು ತಿಳಿದು ಹಾಕಿ. ನಿಮ್ಮ ಹೊಟ್ಟೆಗಂತೂ ಇನ್ನೂ ಕೆಲವು ವಾರ ಅದೂ ಬೇಡ ಎಂದು ಎದ್ದರು.

ಶನಿವಾರ ಮಗಳ ಸೀಮಂತ ನಡೆಯಿತು. ನಾಲ್ಕು ಗಂಟೆ ಕಾರಿನಲ್ಲಿ ಕೂರಲು ಸರ್ಜನ್ ಬಿಡಲಿಲ್ಲ. ಪ್ರಕಾಶ್ ಫೋನನ್ನು ನನ್ನ ಎದೆಯ ಮೇಲಿನ ದಿಂಬಿಗೆ ಆನಿಸಿ ನಿಲ್ಲಿಸಿದರು. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬಾ ಮಲ್ಲಿಗೆ. ನನ್ನ ಜಾಗದಲ್ಲಿ ನಿಂತು ಮಡಿಲು ತುಂಬಿದವರು ಅನಘಾಳ ಪಕ್ಕದ ಮನೆಯ ಆಂಟಿ. ಅಕ್ಕಿ, ಬೆಲ್ಲ, ಬಾಳೆಹಣ್ಣು, ಅದರ ಮೇಲೊಂದು ತೆಂಗಿನಕಾಯಿ. ಅದನ್ನು ನೋಡಿ ಅತ್ತುಬಿಟ್ಟೆ, ಏನು ಮುಚ್ಚಿಡಲಿ?

"ಅಮ್ಮಾ, ಡೋಂಟ್ ಕ್ರೈ" ಎಂದಳು ಅನಘಾ. "ಯು ವಿಲ್ ಪುಲ್ ಯುವರ್ ಸ್ಟಿಚಸ್." ಅವಳೂ ಅಳುತ್ತಿದ್ದಳು.

ವಸುಧಾಗೆ ವಿಷಯ ಹೇಳಿದ್ದು ಪ್ರಕಾಶ್. ನಾನು ಬೇಡವೆಂದಿದ್ದೆ. ಅವಳು ಬಂದು ಮಂಚದ ತುದಿಯಲ್ಲಿ ಕೂತಳು. "ನಾನೇ ಮಾಡಿದ್ನಾ ಅಕ್ಕಾ ಇದನ್ನ?" ಎಂದಳು. "ಮಾಡಿದ್ದು ನೀನು, ಎರಡು ಸಲ ಬಡಿಸ್ಕೊಂಡಿದ್ದು ನಾನು" ಎಂದೆ. ಅವಳು ನಗಲಿಲ್ಲ. ಎರಡು ವರ್ಷದಿಂದ ನನ್ನ ಗಂಡನಿಗೂ ಹೀಗೇ ಬಡಿಸುತ್ತಿದ್ದೇನೆ, ಅವರ ಕೊಲೆಸ್ಟರಾಲ್ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರರನ್ನೇ ಬೈದಿದ್ದೆ ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕೈ ಹಿಡಿದುಕೊಂಡೆ.

ನಿನ್ನೆ ಮತ್ತೆ ಬಂದಳು. ಕೈಯಲ್ಲಿ ಬಿಸಿಬಿಸಿ ಡಬ್ಬಿ. ಮುಖದಲ್ಲಿ ಪರೀಕ್ಷೆ ಪಾಸಾದವರ ಸಮಾಧಾನ.

"ಈ ಸಲ ಎಣ್ಣೆನೂ ಇಲ್ಲ, ತೆಂಗಿನಕಾಯಿನೂ ಇಲ್ಲ ಅಕ್ಕಾ" ಎಂದಳು. "ಬರೀ ಗೋಡಂಬಿ ನೆನೆಸಿ, ನುಣ್ಣಗೆ ರುಬ್ಬಿ ಹಾಕಿದೀನಿ."

(ಗೋಡಂಬಿಯಲ್ಲಿ ಹೆಚ್ಚುಕಡಿಮೆ ಅರ್ಧ ಜಿಡ್ಡೇ. ಈ ಸಲ ಲೇಬಲ್ ನಾನೇ ನೋಡಿದೆ.) ಸೀಮಂತ ಕಾಯಿಹಾಲಿನಲ್ಲಿ ಮುಳುಗಿತು. ನಾಮಕರಣಕ್ಕಾದರೂ ನನ್ನನ್ನು ಹ್ಯೂಸ್ಟನ್ ತಲುಪಿಸುವವರು ಯಾರು?