ಬೆಟ್ಟದ ಬಂಗಲೆಯಲ್ಲಿ ನಾನು ಮುಚ್ಚಿದ ನಲ್ಲಿ

ಜರ್ಮನಿಯ ಯುದ್ಧ ಮುಗಿದ ಮೂರನೆಯ ವರ್ಷ ತರೀಕೆರೆಯ ಮೇಲಿನ ಬೆಟ್ಟದಲ್ಲಿದ್ದ ಸರ್ಕಾರಿ ಬಂಗಲೆಯೊಂದರಲ್ಲಿ ನಾನು ಪೈಪಿನ ಕೆಲಸಕ್ಕೆ ಸೇರಿದೆ. ಸೇರಿದ್ದು ಹೆಲ್ಪರ್ ಆಗಿ. ಅಲ್ಲಿಯ ಫಿಟ್ಟರ್ ನನ್ನ ಸ್ವಂತ ತಮ್ಮ ರುದ್ರಪ್ಪ, ನನಗಿಂತ ಆರು ವರ್ಷ ಚಿಕ್ಕವನು. ಪಂಚನಹಳ್ಳಿಯ ನಮ್ಮ ಮನೆಯಲ್ಲಿ ಒಬ್ಬನನ್ನು ಓದಿಸುವಷ್ಟೇ ಅನುಕೂಲವಿತ್ತು. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಹೊಲಕ್ಕೆ ಹೋದೆ. ಅವನು ಓದಿ, ಬೆಂಗಳೂರಿನ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತು ಬಂದ. ತಮ್ಮನ ಕೈಕೆಳಗೆ ದುಡಿಯುವುದು ನನಗೆ ಮುಜುಗರವೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ದಿನವೂ ‘ಮಾಡು’ ಎನ್ನಲಿಲ್ಲ. ‘ಮಾಡೋಣ್ವಾ ಅಣ್ಣ’ ಎನ್ನುತ್ತಿದ್ದ.

ಬಂಗಲೆಗೆ ನೀರು ಬರುತ್ತಿದ್ದುದು ಮೇಲಿನ ಒರತೆಯ ತೊಟ್ಟಿಯಿಂದ, ಅರ್ಧ ಇಂಚಿನ ಕಬ್ಬಿಣದ ಪೈಪಿನಲ್ಲಿ. ನಡುವೆ ಹುಲ್ಲಿನ ತಗ್ಗೊಂದಿತ್ತು. ಅಲ್ಲಿ ಅಗೆದರೆ ಬಂಡೆ ಸಿಗುತ್ತಿದ್ದರಿಂದ ಸುಮಾರು ಇನ್ನೂರು ಅಡಿ ಪೈಪನ್ನು ನೆಲದ ಮೇಲೆಯೇ ಕಲ್ಲುಗಳ ಮೇಲಿಟ್ಟು ಹಾಯಿಸಿದ್ದರು. ರುದ್ರಪ್ಪನದು ಹಂಗಾಮಿ ಕೆಲಸ. ಜನವರಿಯಲ್ಲಿ ಎಂಜಿನಿಯರು ಬಂದು ನೋಡುವ ಹೊತ್ತಿಗೆ ನೀರು ನಿಲ್ಲದೆ ಹರಿಯುತ್ತಿದ್ದರೆ ಅವನನ್ನು ಖಾಯಂ ಮಾಡುವುದೆಂದು ಮಾತಾಗಿತ್ತು. ಆ ಮಾತಿನ ಮೇಲೆಯೇ ಅವನ ಮದುವೆಯೂ ನಿಂತಿತ್ತು.

ಚಳಿ ಶುರುವಾದಾಗ ಅವನು ಬಂಗಲೆಯ ಕಾವಲುಗಾರ ಹಾಲಪ್ಪನನ್ನು ಕೇಳಿದ, ‘ಈ ತಗ್ಗಲ್ಲಿ ಹುಲ್ಲು ಯಾವತ್ತಾದ್ರೂ ಬೆಳ್ಳಗಾಗ್ತದಾ?’

‘ಎಲ್ಲಾ ವರ್ಷ ಇಲ್ಲ ಸ್ವಾಮಿ. ಆದ ವರ್ಷ ಹೊರಗಿಟ್ಟ ಚೊಂಬಿನ ನೀರಿನ ಮೇಲೆ ಗಾಜು ಕಟ್ತದೆ.’

ಮೋಡವಿಲ್ಲದ ರಾತ್ರಿ ಮೇಲಿನ ತಣ್ಣನೆಯ ಗಾಳಿಯೆಲ್ಲ ನೀರಿನಂತೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆಂದು ರುದ್ರಪ್ಪ ನನಗೆ ವಿವರಿಸಿದ. ನೀರು ಗಡ್ಡೆಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ಕಬ್ಬಿಣವನ್ನೂ ಸೀಳುತ್ತದೆ. ಅದಕ್ಕೆ ಎರಡು ಎಚ್ಚರಿಕೆ. ಬಯಲಿನ ಪೈಪಿಗೆ ಒಣಹುಲ್ಲು ಕಟ್ಟಿ ಮೇಲೆ ಗೋಣಿತಟ್ಟು ಸುತ್ತಬೇಕು. ರಾತ್ರಿಯೆಲ್ಲ ಕೊನೆಯ ನಲ್ಲಿಯನ್ನು ತೊಟ್ಟಿಕ್ಕುವಷ್ಟು ಬಿಟ್ಟಿರಬೇಕು. ಓಡುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಕಟ್ಟಿದರೂ ಒಳಗಿನ ಒತ್ತಡಕ್ಕೆ ಒಂದು ದಾರಿ ಇರುತ್ತದೆ.

ನಾವು ಗೋಣಿ ಸುತ್ತುತ್ತಿದ್ದಾಗ ಹಾಲಪ್ಪ ಬಂದು ನಿಂತ. ‘ಪೈಪಿಗೆ ಕಂಬ್ಳಿ ಹೊದಿಸ್ತಿದ್ದೀರಾ? ನಂಗೂ ಒಂದು ಹೊದಿಸಿ ಸ್ವಾಮಿ, ಪಕ್ಕದಲ್ಲೇ ಮಲಗ್ತೀನಿ. ನಾನೂ ಸರ್ಕಾರದ ಆಳೇ.’

ರುದ್ರಪ್ಪ ನಕ್ಕ. ನಾನು ಅವನಿಗಿಂತ ಜೋರಾಗಿ ನಕ್ಕೆ. ನಮ್ಮ ಸೀಮೆಯಲ್ಲಿ ನೀರು ಕಲ್ಲಾಗುವುದುಂಟೇ, ಇದೆಲ್ಲ ಬೆಂಗಳೂರಿನ ಓದಿನ ಜಂಬ ಎಂದು ನನ್ನ ಮನಸ್ಸಿನಲ್ಲಿತ್ತು.

ಎಂಜಿನಿಯರು ಬರುವ ಹಿಂದಿನ ದಿನ ಸಂಜೆ ರುದ್ರಪ್ಪ ಅಡುಗೆಮನೆಯ ಹಿಂದಿನ ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಟ್ಟು ಬೇಗ ಮಲಗಿದ. ನಾನು ಉಂಡು ಕೈ ತೊಳೆಯಲು ಅಲ್ಲಿಗೆ ಹೋದೆ. ತೊಟ್ಟು ತೊಟ್ಟಾಗಿ ಒಳ್ಳೆಯ ನೀರು ಮಣ್ಣಿಗೆ ಹೋಗುತ್ತಿತ್ತು. ಪಂಚನಹಳ್ಳಿಯಲ್ಲಿ ನಮ್ಮವ್ವ ಅರ್ಧ ಮೈಲಿ ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದಳು. ಮುಖ ತೊಳೆದ ನೀರು ತೆಂಗಿನ ಬುಡಕ್ಕೆ ಹೋಗಬೇಕು, ಅಕ್ಕಿ ತೊಳೆದ ನೀರು ಎಮ್ಮೆಗೆ. ಒಂದು ತೊಟ್ಟು ಚೆಲ್ಲಿದರೂ ಬೆನ್ನ ಮೇಲೆ ಏಟು ಬೀಳುತ್ತಿತ್ತು. ಕೈ ತಾನಾಗಿ ನಲ್ಲಿಯ ಮೇಲೆ ಹೋಯಿತು. ಕೈಯೇ ಮುಚ್ಚಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರಾ ನಿಜವಲ್ಲ. ಮುಚ್ಚಿದ ಮೇಲೆ ತಮ್ಮನ ಮಾತು ನೆನಪಿಗೆ ಬಂತು. ಇವನ ಜಂಬಕ್ಕೆ ನೀರೇಕೆ ಹಾಳಾಗಬೇಕು ಎಂದುಕೊಂಡು ಹಾಗೇ ಬಿಟ್ಟು ಬಂದೆ.

ಬೆಳಿಗ್ಗೆ ತಗ್ಗಿನ ಹುಲ್ಲೆಲ್ಲ ಸುಣ್ಣ ಬಳಿದಂತಿತ್ತು. ಅಡುಗೆಮನೆಯೊಳಗಿನ ನಲ್ಲಿ ತಿರುಗಿಸಿದರೆ ನೀರಿಲ್ಲ. ಅದನ್ನು ಮತ್ತೆ ಮುಚ್ಚಿ ರುದ್ರಪ್ಪ ತಗ್ಗಿಗೆ ಓಡಿದ. ಗೋಣಿ ಬಿಚ್ಚಿ ಪೈಪನ್ನು ತಟ್ಟುತ್ತಾ ಹೋದ. ಬಂಗಲೆಯ ಕಡೆಯ ಬಾಗಿದ ಜೋಡಣೆಯ ಹತ್ತಿರ ಸದ್ದು ಮಂಕಾಯಿತು. ಗಡ್ಡೆ ಅಲ್ಲಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ನಿಧಾನವಾಗಿ ಕರಗಿಸುವುದು ಸರಿಯಾದ ಕ್ರಮ. ಒಂದು ಗಂಟೆ ಹಾಗೇ ಮಾಡಿದೆವು. ನೀರು ಬರಲಿಲ್ಲ. ಮಧ್ಯಾಹ್ನಕ್ಕೆ ಎಂಜಿನಿಯರು ಬರುವವರು. ರುದ್ರಪ್ಪ ಬ್ಲೋ ಲ್ಯಾಂಪ್ ತಂದ. ಅದು ಸೀಮೆಎಣ್ಣೆಯಲ್ಲಿ ಉರಿದು ಉದ್ದನೆಯ ಜ್ವಾಲೆ ಚಿಮ್ಮಿಸುವ ದೀಪ, ಬೆಸುಗೆಗೆ ಬಳಸುವಂಥದ್ದು. ಹಚ್ಚುವ ಮೊದಲು ಕೇಳಿದ.

‘ಅಣ್ಣ, ಹಿಂದಿನ ನಲ್ಲಿ ಬಿಟ್ಟೇ ಇದೆ ಅಲ್ವಾ?’

ನಲ್ಲಿ ಬಿಟ್ಟಿದ್ದರೆ ಕಾದ ನೀರೂ ಹಬೆಯೂ ಅಲ್ಲಿಂದ ಹೊರಗೆ ಹೋಗುತ್ತವೆ. ಮುಚ್ಚಿದ್ದರೆ ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಗಡ್ಡೆ, ನಡುವೆ ಬೆಂಕಿ. ಹಾಲಪ್ಪ ಪಕ್ಕದಲ್ಲೇ ನಿಂತಿದ್ದ. ಅವನೆದುರು ತಮ್ಮನಿಗೆ ತಪ್ಪೊಪ್ಪಿಕೊಳ್ಳಲು ನನಗಾಗಲಿಲ್ಲ.

‘ಬಿಟ್ಟೇ ಇದೆ,’ ಎಂದೆ.

‘ಒಂದ್ಸಲ ನೋಡ್ಕೊಂಡು ಬರ್ಲಾ?’ ಎಂದ ಹಾಲಪ್ಪ.

‘ಯಾಕಪ್ಪ, ನಮ್ಮಣ್ಣ ಹೇಳಿದ್ಮೇಲೆ ಮುಗೀತು,’ ಎಂದ ರುದ್ರಪ್ಪ.

ಅವನ ಜಾಗದಲ್ಲಿ ಬೇರೆ ಯಾವ ಫಿಟ್ಟರ್ ಇದ್ದರೂ ಹೋಗಿ ನೋಡುತ್ತಿದ್ದ. ಹಿರಿಯಣ್ಣ ‘ಬಿಟ್ಟೇ ಇದೆ’ ಎಂದ ಮೇಲೆ ಮತ್ತೆ ಪರೀಕ್ಷಿಸುವುದು ನಮ್ಮ ಮನೆಯಲ್ಲಿ ಬೆಳೆದವನಿಗೆ ಸಾಧ್ಯವಿರಲಿಲ್ಲ.

ಇನ್ನಷ್ಟು ಬಿಸಿನೀರು ತರುತ್ತೇನೆಂದು ನೆಪ ಹೇಳಿ ನಾನು ಬಂಗಲೆಯ ಕಡೆ ಹೊರಟೆ. ಯಾರಿಗೂ ಕಾಣದಂತೆ ನಲ್ಲಿ ಬಿಟ್ಟುಬಿಟ್ಟರೆ ಮುಗಿಯಿತೆಂಬ ಲೆಕ್ಕ. ನೂರೈವತ್ತು ಹೆಜ್ಜೆ ಇದ್ದೀತು. ಓಡಿದರೆ ಅನುಮಾನ ಬಂದೀತೆಂದು ನಡೆದೆ. ನನ್ನ ಕೈ ನಲ್ಲಿಯ ಮೇಲಿದ್ದಾಗ ತಗ್ಗಿನಿಂದ ತೋಟಾ ಹಾರಿದಂಥ ಸದ್ದು ಬಂತು, ಹಿಂದೆಯೇ ತಮ್ಮನ ಕೂಗು.

ಆಮೇಲೆ ನಾನು ಮಾಡಿದ್ದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಕೂಗು ಕೇಳಿದ ಮೇಲೂ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟೆ. ಅನಂತರ ಓಡಿದೆ.

ಬಾಗಿದ ಜೋಡಣೆ ಸೀಳಿತ್ತು. ಕುದಿಯುವ ನೀರೂ ಹಬೆಯೂ ಅವನ ಬಲಗೈಗೂ ಕೆನ್ನೆಗೂ ಹೊಡೆದಿದ್ದವು. ಕುರ್ಚಿಗೆ ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು ತರೀಕೆರೆಯ ಆಸ್ಪತ್ರೆಗೆ ಇಳಿಸಿದೆವು. ಕಣ್ಣು ಉಳಿಯಿತು. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಬೆಟ್ಟದಲ್ಲಿ ಓವರ್‌ಸಿಯರ್ ಬಂದು ನೋಡಿ, ನಲ್ಲಿ ಬಿಟ್ಟೇ ಇದೆಯೆಂದು ಕಂಡು, ಫಿಟ್ಟರನ ದುಡುಕಿನಿಂದ ಆದ ಅಪಘಾತವೆಂದು ಬರೆದುಕೊಂಡರು.

ಆಸ್ಪತ್ರೆಯಲ್ಲಿ ರುದ್ರಪ್ಪನೇ ಮೊದಲು ಮಾತೆತ್ತಿದ. ‘ನಾನೇ ದುಡುಕ್ಬಿಟ್ಟೆ ಕಣಣ್ಣ. ಬಟ್ಟೆಯಲ್ಲೇ ಮಾಡ್ಬೇಕಿತ್ತು. ಬೆಂಕಿಗೆ ಹೋಗ್ಬಾರ್ದಿತ್ತು.’

‘ಆದದ್ದಾಯ್ತು, ಬಿಡು,’ ಎಂದೆ. ಹೀಗೆ ಕ್ಷಮಿಸುವವನೂ ನಾನೇ ಆದೆ.

ಖಾಯಂ ಕೆಲಸ ಅವನಿಗೆ ಸಿಗಲಿಲ್ಲ. ಆ ಪೈಪಿನ ಮರ್ಮ ಬಲ್ಲವನು ಎಂದು ನನ್ನನ್ನು ಇಟ್ಟುಕೊಂಡರು. ಒಡೆದ ಜೋಡಣೆ ಕಳಚಿ, ಹೊಸದಕ್ಕೆ ನೀರು ಸೋರದಂತೆ ಸೆಣಬು ಸುತ್ತಿ, ಬಿಳಿ ಸೀಸದ ಬಣ್ಣ ಹಚ್ಚಿ ಬಿಗಿದವನು ನಾನೇ. ಅಲ್ಲಿಂದ ಕಡೂರಿನಲ್ಲಿ ನಿವೃತ್ತನಾಗುವವರೆಗೆ ಇಪ್ಪತ್ತೆರಡು ವರ್ಷ ಅದೇ ಕೆಲಸದ ಅನ್ನ ತಿಂದೆ. ರುದ್ರಪ್ಪನ ಮದುವೆ ಆ ಹೆಣ್ಣಿನೊಂದಿಗೆ ಆಗಲಿಲ್ಲ. ಬಹಳ ತಡವಾಗಿ ಬೇರೆ ಕಡೆ ಆಯಿತು. ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತು, ಅಜ್ಜಂಪುರದಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಾ ಬದುಕಿದ.

ಕೆಲಸ ಕಲಿಸಿದ್ದನ್ನು ಹೇಳಬೇಕಲ್ಲ. ಪೈಪಿಗೆ ಬೆಂಕಿ ತಾಗಿಸುವ ಮೊದಲು ನಲ್ಲಿಯ ತನಕ ನೀವೇ ನಡೆದು ಹೋಗಿ, ನಿಮ್ಮ ಕಣ್ಣಿಂದ ನೋಡಿ. ಹೆತ್ತ ಅಪ್ಪ ಹೇಳಿದರೂ ನಂಬಬೇಡಿ. ನನ್ನ ಕೈಕೆಳಗಿನವರಿಗೆಲ್ಲ ‘ನನ್ನ ಮಾತು ನಂಬ್ಬೇಡ್ರಪ್ಪ, ಹೋಗಿ ನೋಡಿ’ ಎನ್ನುತ್ತಿದ್ದೆ. ಅವರು ಅದನ್ನು ಮೇಸ್ತ್ರಿಯ ದೊಡ್ಡತನವೆಂದು ತಿಳಿದರು.

ನನ್ನ ಕೈಬರಹ ಕೆಟ್ಟದು, ಕಾಗುಣಿತ ಅದಕ್ಕಿಂತ ಕೆಟ್ಟದು. ಕೆಲಸದಲ್ಲಿದ್ದಷ್ಟು ಕಾಲ ನನ್ನ ತಿಂಗಳ ರಿಪೋರ್ಟುಗಳನ್ನು ತಿದ್ದಿಕೊಟ್ಟವನು ರುದ್ರಪ್ಪ. ತಿದ್ದುವಾಗ ಮಡಚಿದ ಬಲಗೈಯನ್ನು ಕಾಗದ ಜಾರದಂತೆ ಅದರ ಮೇಲೆ ಒತ್ತಿ ಹಿಡಿಯುತ್ತಿದ್ದ. ಇಂದಿಗೂ ತನ್ನ ಮಗನಿಗೆ, ‘ನನ್ನ ಹಾಗೆ ದುಡುಕ್ಬೇಡ ಕಣೋ’ ಎನ್ನುತ್ತಾನೆ. ಆ ಮಾತು ಬಂದಾಗಲೆಲ್ಲ ನಾನು ಅಲ್ಲಿಂದ ಎದ್ದು ಹೊರಗೆ ಬಂದಿದ್ದೇನೆ.

ಈ ಬರಹವನ್ನೂ ಅವನೇ ತಿದ್ದಬೇಕು. ನಾಳೆ ಬೆಳಗಿನ ರೈಲಿಗೆ ಅಜ್ಜಂಪುರಕ್ಕೆ ಹೋಗಿ ಅವನ ಮುಂದೆ ಇಡುತ್ತೇನೆ. ಅವನು ಕೊನೆಯ ಸಾಲು ಓದುವವರೆಗೂ ಈ ಸಲ ಎದ್ದು ಹೋಗುವುದಿಲ್ಲ.