ಮನೆ ಪಾತಿಯ ಸೊಪ್ಪು

ದೊಡ್ಡ ಮೋರಿಯ ದಂಡೆಯಲ್ಲಿ ಸೊಪ್ಪು ಬೆಳೆಯುವವರೆಲ್ಲ ಎರಡು ಬಗೆಯ ಪಾತಿ ಇಟ್ಟುಕೊಂಡಿರುತ್ತಾರೆ. ಒಂದು ಮಾರುವುದಕ್ಕೆ, ಒಂದು ತಿನ್ನುವುದಕ್ಕೆ. ಮಾರುವ ಪಾತಿಗೆ ಮೋರಿಯ ನೀರು, ತಿನ್ನುವ ಪಾತಿಗೆ ಬಾವಿಯ ನೀರು. ಸೊಪ್ಪಿನಕ್ಕ ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಮೊದಲು ತೋರಿಸಿಕೊಟ್ಟದ್ದೇ ಇದನ್ನು. "ಅಡುಗೆಗೆ ಬಾವಿ ಪಕ್ಕದ್ದು ಚಿವುಟ್ಕೋ. ಆ ಕಡೆ ಮುಟ್ಟಿದ್ರೆ ಕೈ ತೊಳೆದು ಒಳಗೆ ಬಾ."

ಮುಟ್ಟುವುದಕ್ಕೇ ಹೇಸಿಗೆಯಾಗುವಂಥ ನೀರು ಅದು. ಮೋರಿಯ ಮೇಲ್ಗಡೆ ನಲ್ಲಿಗಳಿಗೆ, ಬಾಗಿಲ ಹಿಡಿಕೆಗಳಿಗೆ ಹೊಳಪು ಹಾಕುವ ಶೆಡ್ಡುಗಳಿದ್ದವು. ನೀರು ಒಂದು ದಿನ ಪಾಚಿಹಸಿರು, ಒಂದು ದಿನ ಹಳದಿ, ಒಮ್ಮೊಮ್ಮೆ ಕೀವಿನ ಹಾಗೆ ಬೆಳ್ಳಗೆ. ಮೇಲೆ ಎಣ್ಣೆಯ ಪೊರೆ, ನೊರೆಯಲ್ಲಿ ಸಿಕ್ಕಿಕೊಂಡ ಉಬ್ಬಿದ ಇಲಿ. ಪಂಪು ಹಾಕಿದೊಡನೆ ಕೊಳೆತ ಮೊಟ್ಟೆಯ ನಾತ. ಸೊಪ್ಪಿನಕ್ಕನ ಮೂಗಿಗೆ ಅದು ಎಂದೋ ರೂಢಿಯಾಗಿತ್ತು, ಹೊಟ್ಟೆಗೆ ಮಾತ್ರ ಆಗಿರಲಿಲ್ಲ. ಮೋರಿಯ ಕಡೆ ಬೆನ್ನು ಹಾಕಿಯೇ ಅವಳು ಊಟಕ್ಕೆ ಕೂರುತ್ತಿದ್ದದ್ದು.

ಮೊದಮೊದಲು ಆ ನೀರಿಗೂ ಪಾಲಕ್ ಸೊಕ್ಕಿ ಬೆಳೆಯುತ್ತಿತ್ತು. ಈಚೆಗೆ ಬಿತ್ತಿದ ಬೀಜ ಅರ್ಧಕ್ಕರ್ಧ ಮೊಳೆಯುತ್ತಲೇ ಇರಲಿಲ್ಲ. ಮೊಳೆತದ್ದೂ ಗಿಡ್ಡ. ಎಳೆಯ ಎಲೆಗಳಲ್ಲಿ ನರವಷ್ಟೇ ಹಸಿರು, ನಡುವೆಲ್ಲ ಕಾಮಾಲೆ ಹಿಡಿದಂತೆ ಹಳದಿ. ಬೇರನ್ನಂತೂ ನೋಡುವಂತಿರಲಿಲ್ಲ. ಕವಲಿಲ್ಲ, ಬಿಳಿ ಎಳೆಯಿಲ್ಲ, ಸುಟ್ಟ ಪೊರಕೆಯ ಹಾಗೆ ಕಂದು ಮೋಟು. ಕೃಷಿ ಕಾಲೇಜಿನ ಹುಡುಗಿಯೊಬ್ಬಳು ಬಂದು ನೋಡಿ, "ಶೆಡ್ಡಿನ ನೀರಲ್ಲಿ ನಿಕ್ಕಲ್, ಸತು, ಕ್ಯಾಡ್ಮಿಯಂ ಎಲ್ಲ ಇರುತ್ತೆ ಆಂಟಿ. ಬೇರನ್ನ ಹಾಳು ಮಾಡೋದು ಅದೇ. ಎಲೆಗೂ ಏರುತ್ತೆ. ತೊಳೆದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ" ಎಂದಿದ್ದಳು.

ಪಂಪಿನ ಬಳಿ ಕೂತಿದ್ದ ಗಂಡ ನಕ್ಕುಬಿಟ್ಟಿದ್ದ. "ಹಂಗಾದ್ರೆ ನಮ್ಮ ಸೊಪ್ಪಲ್ಲಿ ಸತ್ವ ಜಾಸ್ತಿ ಅನ್ನಮ್ಮ! ಬೆಲೆ ಏರಿಸ್ಬೋದು."

ಅಂದಿನಿಂದ ಅವರು ಬೆಲೆಯನ್ನೇನೂ ಏರಿಸಲಿಲ್ಲ. ಹಳದಿ ಎಲೆ ಆರಿಸಿ ಬಿಸಾಕಿ, ಬೇರು ಕತ್ತರಿಸಿ ಕಟ್ಟು ಕಟ್ಟತೊಡಗಿದರು, ಅಷ್ಟೇ.

ಸಂತೆಯಲ್ಲಿ ಅವಳ ಕಾಯಂ ಗಿರಾಕಿ ಒಬ್ಬಳು ಮೇಷ್ಟ್ರಮ್ಮ. ಸೊಂಟದ ಮೇಲೆ ಹಲ್ಲು ಬರುತ್ತಿರುವ ಮಗು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡುವಳು.

"ಯಾವ ನೀರಕ್ಕಾ ಇದು?"

"ಬಾವಿ ನೀರು ಕಣಮ್ಮ. ನಮ್ಮ ಮೊಮ್ಮಗಳಿಗೂ ಇದನ್ನೇ ಬೇಯಿಸಿ ಕೊಡೋದು."

"ಬೇರು ಯಾಕೆ ಕತ್ತರಿಸಿದ್ದೀರಿ?"

"ಬೇರು ತಿಂತೀರೇನಮ್ಮ?"

ಮೇಷ್ಟ್ರಮ್ಮ ನಾಚಿಕೊಂಡು ಎರಡು ಕಟ್ಟು ಕೊಂಡಿದ್ದಳು. ಅಲ್ಲೇ ಒಂದೆಲೆ ಕಿತ್ತು ಮಗುವಿನ ಕೈಗೂ ಕೊಟ್ಟಿದ್ದಳು, ಆಡಲಿ ಎಂದು. ಮಗು ಅದನ್ನು ಬಾಯಿಗಿಟ್ಟಾಗ ಸೊಪ್ಪಿನಕ್ಕ ಮುಂದಿನ ಗಿರಾಕಿಯ ಕಡೆ ತಿರುಗಿಕೊಂಡಳು.

ಮೊಮ್ಮಗಳಿದ್ದದ್ದು ನಿಜ. ಮಗಳು ಹೊಲಿಗೆ ಕೆಲಸಕ್ಕೆ ಹೋಗುವಾಗ ಕೂಸನ್ನು ಇಲ್ಲಿ ಬಿಟ್ಟುಹೋಗುವಳು. ಅದಕ್ಕೆ ಮನೆ ಪಾತಿಯ ಕುಡಿ ಚಿವುಟಿ, ಬೇಯಿಸಿ, ನುಣ್ಣಗೆ ಅರೆದು ತಿನ್ನಿಸುತ್ತಿದ್ದಳು. ಮಾರುವುದಕ್ಕಲ್ಲವಾದ್ದರಿಂದ ಆ ಪಾತಿಯ ಗಿಡವನ್ನು ಯಾರೂ ಬುಡಸಮೇತ ಕೀಳುತ್ತಿರಲಿಲ್ಲ. ಚಿವುಟಿದಷ್ಟೂ ಚಿಗುರುತ್ತಿತ್ತು.

ಒಂದು ದಿನ ಕೂಸನ್ನು ಬಾವಿಕಟ್ಟೆಯ ನೆರಳಲ್ಲಿ ಕೂರಿಸಿ ಸೊಪ್ಪಿನಕ್ಕ ಕಟ್ಟು ಕಟ್ಟುತ್ತಿದ್ದಳು. ಕೂಸು ಅಂಬೆಗಾಲಿಟ್ಟು ಮನೆ ಪಾತಿಗೆ ಹೋಗಿ, ಒಂದು ಗಿಡವನ್ನು ಮುಷ್ಟಿಯಲ್ಲಿ ಹಿಡಿದು ಎಳೆಯಿತು. ಗಿಡ ಹಟ ಮಾಡದೆ ಬಂದುಬಿಟ್ಟಿತು. ಕೂಸು ಬೇರನ್ನೇ ಬಾಯಿಗಿಟ್ಟುಕೊಂಡು ಚೀಪತೊಡಗಿತು.

ಓಡಿಹೋಗಿ ಬೆರಳು ಹಾಕಿ ಕಿತ್ತಳು. ಕೈಯಲ್ಲಿ ಉಳಿದದ್ದು ಜೊಲ್ಲು ಹತ್ತಿದ ಒಂದು ಕಂದು ಮೋಟು. ಕವಲಿಲ್ಲ, ಬಿಳಿ ಎಳೆಯಿಲ್ಲ.

ಪಕ್ಕದ ಗಿಡ ಕಿತ್ತಳು. ಅದರಾಚೆಯದು. ಪಾತಿಯ ಆ ತುದಿಯದು. ಎಲ್ಲ ಅದೇ ಸುಟ್ಟ ಪೊರಕೆ. ಈಗ ಕಣ್ಣಿಟ್ಟು ನೋಡಿದರೆ ಕುಡಿಗಳಲ್ಲೂ ನರದ ನಡುವೆ ಆ ಹಳದಿ.

"ಏನೇ ಅದು, ಪಾತಿನೆಲ್ಲ ಬಗೀತಿದ್ದೀಯ?" ಗಂಡ ಕೇಳಿದ.

"ಬಾವಿಗೂ ಬಂದಿದೆ."

"ಏನು ಬಂದಿದೆ? ಬಿಸಿಲಿಗೆ ಆಗಿರುತ್ತೆ ಬಿಡು. ನೀರು ನೋಡು, ಕನ್ನಡಿ ಇದ್ದಂಗಿದೆ."

ಅವಳು ಒಂದು ಕೊಡ ಸೇದಿದಳು. ನಾತವಿಲ್ಲ, ಬಣ್ಣವಿಲ್ಲ. ಮೋರಿಯಾದರೆ ನಾತ ಬೀರಿಯಾದರೂ ತನ್ನ ಗುಣ ಹೇಳುತ್ತಿತ್ತು. ಈ ನೀರು ಮುಖ ತೊಳೆದುಕೊಂಡು ಸಂತೆಯಲ್ಲಿ ಕೂತವರ ಹಾಗೆ ತಣ್ಣಗೆ ಸುಳ್ಳು ಹೇಳುತ್ತಿತ್ತು. ಇದನ್ನೇ ಕುಡಿದದ್ದು, ಇದರಲ್ಲೇ ಕೂಸಿನ ಗಂಜಿ ಬೇಯಿಸಿದ್ದು. ಕಟ್ಟೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಬಾಯಿ ಮುಕ್ಕಳಿಸಲು ಬೊಗಸೆ ತುಂಬಿದ ನೀರನ್ನು ಹಾಗೇ ಚೆಲ್ಲಿದಳು.

ಸಂತೆಗೆ ಮಾತ್ರ ಹೋದಳು. ಹೋಗದಿದ್ದರೆ ಒಲೆ ಹತ್ತುವುದಿಲ್ಲ. ಮೇಷ್ಟ್ರಮ್ಮ ಬಂದು ಸೊಪ್ಪಿನ ಕಟ್ಟಿಗೆ ಕೈ ಹಾಕಿದಾಗ ಅದನ್ನು ಕಿತ್ತುಕೊಂಡು, "ನಿಮಗೆ ಬೇಡ, ಹೋಗಿ" ಎಂದಳು.

"ಯಾಕಕ್ಕಾ, ನಾನೇನು ಮಾಡ್ದೆ?"

"ಮೋರಿ ನೀರಿಂದು. ಹೋಗ್ರಮ್ಮ ಅಂದ್ರೆ!"

ಮೇಷ್ಟ್ರಮ್ಮನ ಮುಖ ಬಿಳಿಚಿತು. ಬಯ್ಯುತ್ತಾಳೇನೋ ಎಂದುಕೊಂಡರೆ, ಮಗುವಿನ ಬಾಯನ್ನು ತನ್ನ ಬಟ್ಟೆಯಿಂದ ಒರೆಸಿದಳು. ಒರೆಸುತ್ತಲೇ ನಡೆದುಹೋದಳು.

ಕೂಸಿಗಂತೂ ಸೊಪ್ಪು ಬೇಕಿತ್ತಲ್ಲ. ಮಗಳನ್ನೂ ಕೂಸನ್ನೂ ಕರೆದುಕೊಂಡು ಊರಿನ ಆಚೆ ಮಗ್ಗುಲಿನ ಸಂತೆಗೆ ಹೋದಳು. ಅಲ್ಲಿ ದುಂಡುಮುಖದ ಹೆಂಗಸೊಬ್ಬಳು ಕೂಗುತ್ತಿದ್ದಳು: "ಬಾವಿ ನೀರಿನ ಸೊಪ್ಪು! ನಮ್ಮನೆ ಮಕ್ಕಳು ತಿನ್ನೋ ಸೊಪ್ಪು!"

ಸೊಪ್ಪಿನಕ್ಕ ಕಟ್ಟನ್ನು ತಿರುಗಿಸಿ ಬುಡ ನೋಡಿದಳು. ನೀಟಾಗಿ ಕತ್ತರಿಸಿತ್ತು.

"ಬೇರೆಲ್ಲಿ?"

"ಬೇರು ತಿಂತೀರೇನಕ್ಕಾ?" ಎಂದು ನಕ್ಕವಳು, ಸೊಪ್ಪಿನಕ್ಕನ ಉಗುರುಸಂದಿಯ ಹಸಿರು ಕರೆ ನೋಡಿ ನಗು ನಿಲ್ಲಿಸಿದಳು. ಕಸುಬಿನವರಿಗೆ ಕಸುಬಿನವರು ಗೊತ್ತಾಗುತ್ತಾರೆ. ದನಿ ತಗ್ಗಿಸಿ, "ಮೊದಲೇ ಹೇಳೋದಲ್ವಾ? ಇದು ನಿಮಗೆ ಬೇಡ" ಎಂದು ಗೋಣಿಯ ಅಡಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆ ಕುಡಿಗಳನ್ನು ತೆಗೆದಳು. "ನಮ್ಮನೆ ಪಾತೀದು. ಕೂಸಿಗೆ ಧೈರ್ಯವಾಗಿ ಕೊಡಿ. ನನ್ನ ಮಗೂಗೂ ಇದೇ."

ಮಗಳು ಕೈ ಚಾಚಿದಳು. ಸೊಪ್ಪಿನಕ್ಕ ಆ ಕೈಯನ್ನು ಹಿಂದಕ್ಕೆ ತಳ್ಳಿದಳು.

"ಚಿವುಟಿ ತಂದಿದ್ದೀಯ. ಯಾವತ್ತಾದ್ರೂ ಒಂದು ಗಿಡ ಕಿತ್ತು ನೋಡಿದ್ದೀಯಾ ತಾಯಿ?"

"ಇಲ್ಲ... ಯಾಕೆ?"

"ಮನೆಗೆ ಹೋಗಿ ಕಿತ್ತು ನೋಡು."

ಅವರು ಹೊರಟರು. ಬೆನ್ನ ಹಿಂದೆ ಆ ಹೆಂಗಸು ಮತ್ತೆ ಕೂಗಲು ಶುರುಮಾಡಿದಳು. "ಬಾವಿ ನೀ..." ಎಂದದ್ದು ಅಲ್ಲಿಗೇ ನಿಂತಿತು.