ಬೆಲ್ಲ ಕಡಿಮೆ ಹಾಕಿದ ಪಂಚಮಿ ಉಂಡಿ

ಗೆಳತಿಯರೇ, ಇವತ್ತು ಪಂಚಮಿ, ಇವತ್ತು ನಾನು ಗೆದ್ದೆ.

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಹಬ್ಬದಲ್ಲಿ ನಾವೆಲ್ಲ ಉಂಡಿ ತಿನ್ನುವಾಗ ಅವರು ಸುಮ್ಮನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಈ ಸಲ ಸವಣೂರಿನ ಡಾಕ್ಟರು, "ಹೆಸರಿಗಷ್ಟ ಬೆಲ್ಲ ಹಾಕಿ ಒಂದ ಸಣ್ಣ ಉಂಡಿ ಕೊಡ್ರಿ, ನಡೀತೈತಿ" ಎಂದರು. ಆದರೆ ಬೆಲ್ಲ ಕಡಿಮೆಯಾದರೆ ಉಂಡಿ ನಿಲ್ಲಬೇಕಲ್ಲ. ಬೆಳಿಗ್ಗೆ ಮೂರು ಸಲ ಕಟ್ಟಿದೆ, ಮೂರು ಸಲವೂ ಕೈಯಲ್ಲೇ ಪುಡಿಯಾಯಿತು. ಕೊನೆಗೆ ಹುರಿದ ಎಳ್ಳು, ಶೇಂಗಾಗಳನ್ನು ಎಣ್ಣೆ ಬಿಡುವವರೆಗೂ ಒರಳಲ್ಲಿ ಹಾಕಿ ಕುಟ್ಟಿದೆ. ಆ ಎಣ್ಣೆಯ ಜಿಗುಟಿಗೇ ಉಂಡಿ ಗಟ್ಟಿಯಾಗಿ ನಿಂತಿತು.

ಹಬ್ಬಕ್ಕೆ ಹಂಸಭಾವಿಯಿಂದ ಬಂದಿದ್ದ ಮಾವನವರ ಅಕ್ಕ ಒಂದು ಚೂರು ಬಾಯಿಗಿಟ್ಟು ಮುಖ ಕಿವಿಚಿದರು. "ಲಡಾಯಿ ನಡದೈತಂತ ಸರಕಾರ ಸಕ್ರಿ ರೇಶನ್ ಮಾಡೈತಿ. ನೀ ಬೆಲ್ಲಾನೂ ರೇಶನ್ ಮಾಡಿದೇನವಾ?"

ಎಲ್ಲರೂ ನಕ್ಕರು. ಮಾವನವರು ಮಾತ್ರ ನಗಲಿಲ್ಲ. ನಿಧಾನವಾಗಿ ಅಗಿದು ನುಂಗಿ, "ಅಕ್ಕಾ, ಇಷ್ಟ ದಿನ ಉಂಡಿ ಅಂತ ಬರೇ ಬೆಲ್ಲ ತಿಂತಿದ್ವಿ. ಎಳ್ಳಿನ ರುಚಿ ನನಗ ಇವತ್ತ ತಿಳೀತು" ಎಂದರು. ಹಿತ್ತಲಿಗೆ ಹೋಗದೆ ನಮ್ಮ ನಡುವೆಯೇ ಕುಳಿತರು. ಎರಡನೆಯದಕ್ಕೆ ಕೈ ಚಾಚಿದಾಗ ನಾನೇ ಡಬ್ಬಿ ಮುಚ್ಚಬೇಕಾಯಿತು.

ಸಂಜೆ ಅವರಕ್ಕ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು: "ಎಷ್ಟೊತ್ತು ಕುಟ್ಟಬೇಕವಾ? ನಮ್ಮ ಸೊಸಿಗೂ ಹೇಳ್ತೇನಿ."

"ರಟ್ಟಿ ಸೋಲೂತನಕ ಕುಟ್ಟಬೇಕ್ರಿ ಅತ್ತಿ" ಎಂದೆ.

ಹಂಸಭಾವಿಯ ಆ ಸೊಸೆ ಮುಂದಿನ ಪಂಚಮಿಗೆ ನನ್ನನ್ನು ಏನೆಂದು ಹರಸುತ್ತಾಳೋ.